ನಟಾಲ್ ಕಲ್ಲಿದ್ದಲು ಗಣಿಯಲ್ಲಿ ಜೈಲು ಕಂಡ ಹಿರಿಯರನ್ನು ದಾಖಲೆಯಲ್ಲಿ ಹುಡುಕುವ ಬಗೆ: ಹೊಸೂರು, ಡೆಂಕಣಿಕೋಟೆ, ಕುಪ್ಪಂ ಕಡೆಯ ಮನೆಗಳಿಗೆ

'ಮುತ್ತಾತನ ತಮ್ಮ ಕೂಲಿ ಹಡಗು ಹತ್ತಿ ಹೋದ, ಅಲ್ಲಿ ಗಣಿಯಲ್ಲಿ ಏನೋ ಗಲಾಟೆಯಾಗಿ ಜೈಲಿಗೆ ಹಾಕಿದರಂತೆ, ಆಮೇಲೆ ಸುದ್ದಿಯೇ ಇಲ್ಲ.' ಇಂಥದೊಂದು ಮಾತು ನಿಮ್ಮ ಮನೆಯಲ್ಲಿ ಉಳಿದಿದ್ದರೆ ಅದನ್ನು ಅಲ್ಲಿಗೇ ಬಿಡಬೇಡಿ. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕದ ನಟಾಲಿಗೆ ಕರಾರಿನ ಮೇಲೆ ಹೋದವರು 1,52,184 ಮಂದಿ. ಅವರಲ್ಲಿ ಸುಮಾರು ಮೂರನೇ ಎರಡು ಪಾಲು ಜನ ಹಡಗು ಹತ್ತಿದ್ದು ಮದರಾಸು ಬಂದರಿನಲ್ಲಿ. ಗಂಡಸು, ಹೆಂಗಸು, ಮಗು ಎನ್ನದೆ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟರು. ಹೆಸರು ಕೆಟ್ಟಿರಬಹುದು, ಊರು ಕೆಟ್ಟಿರಬಹುದು, ಆ ಸಂಖ್ಯೆ ಮಾತ್ರ ಕೆಡುವುದಿಲ್ಲ. ಕೂಲಿ, ದೂರು, ವಾರಂಟು, ಬಿಡುಗಡೆ, ಸಾವು ಎಲ್ಲವನ್ನೂ ಅದರ ಮೇಲೆಯೇ ಬರೆದಿದ್ದಾರೆ. ಹಾಗಾಗಿ ಮೊದಲು ಸಂಖ್ಯೆ ಹಿಡಿಯಿರಿ, ಶಿಕ್ಷೆಯನ್ನು ಆಮೇಲೆ ಹುಡುಕಿ. ನೇರವಾಗಿ ಜೈಲಿನ ಕಾಗದಕ್ಕೆ ಕೈ ಹಾಕಿದವರು ಮುನುಸ್ವಾಮಿಗಳ ಕಾಡಿನಲ್ಲಿ ದಾರಿ ತಪ್ಪುತ್ತಾರೆ.

ಯಾವ ಗಣಿ, ಯಾವ ಸಂವತ್ಸರ

ನಮ್ಮ ಗಡಿಯಲ್ಲಿ 'ಗಣಿಗೆ ಹೋದ' ಎಂದರೆ ಹತ್ತಕ್ಕೆ ಒಂಬತ್ತು ಸಲ ಕೋಲಾರದ ಚಿನ್ನದ ಗಣಿ. ಹಿರಿಯರ ಬಾಯಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರಿಗಾಂ ಎಂಬ ಹೆಸರು ಬಂದರೆ ನಿಮ್ಮ ದಾರಿ ಬೇರೆ, ಈ ಬರಹ ನಿಮಗೆ ಒದಗುವುದಿಲ್ಲ. 'ಹಡಗು' ಎಂದ ಮಾತ್ರಕ್ಕೂ ನಟಾಲ್ ಆಗುವುದಿಲ್ಲ. ಅಲ್ಲಿ ಅವರ ಮೇಲಾಳನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿ. ಕಂಗಾಣಿ ಎಂದರೆ ಸಿಲೋನ್ ಅಥವಾ ಮಲಯ. ಮೇಸ್ತ್ರಿ ಎಂದರೆ ಬರ್ಮಾ, ಇಲ್ಲವೇ ಕೊಡಗಿನ ಕಾಫಿ ತೋಟ. ಸರ್ದಾರ ಎಂದರೆ ನಟಾಲ್ ಇರಬಹುದು. 'ಡರ್ಬನ್', 'ನೆಟ್ಟಾಲು', 'ಮೂರು ಪೌನು' ಈ ಮೂರರಲ್ಲಿ ಒಂದು ಬಾಯಿಗೆ ಬಂದರೆ ಅನುಮಾನ ಬೇಡ. ಮೂರು ಪೌನಿನ ವಿಷಯ ಮುಂದೆ ಬರುತ್ತದೆ.

ಅಜ್ಜಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಅದು ಇಸವಿಗಿಂತ ನಂಬಿಕೆಯದು. ಧಾತು 1876-77, ಈಶ್ವರ 1877-78, ಇದೇ ದೊಡ್ಡ ಬರ. ಪರಾಭವ 1906-07, ಪ್ಲವಂಗ 1907-08, ಕೀಲಕ 1908-09, ಸೌಮ್ಯ 1909-10, ಸಾಧಾರಣ 1910-11. ಗಣಿ ಮುಷ್ಕರ ನಡೆದ 1913 ಬರುವುದು ಪ್ರಮಾದೀಚದಲ್ಲಿ. ಮನೆಯಲ್ಲಿ ಹಳೆಯ ಜಾತಕ, ಕ್ರಯಪತ್ರ, ಭೋಗ್ಯದ ಕಾಗದ ಇದ್ದರೆ ಅವುಗಳಲ್ಲೂ ಸಂವತ್ಸರವೇ ಇರುತ್ತದೆ. ಜಮೀನು ಅಡವಿಟ್ಟ ಸಂವತ್ಸರಕ್ಕೂ ಮನೆಯವನು ಹೊರಟ ಸಂವತ್ಸರಕ್ಕೂ ನಂಟು ಇರುವುದು ಅಪರೂಪವೇನಲ್ಲ, ಆ ಕಾಗದವನ್ನು ಪಕ್ಕಕ್ಕೆ ಎತ್ತಿಡಿ.

ಎರಡು ಗಡುವು ನೆನಪಿರಲಿ. 1866ರಿಂದ 1874ರವರೆಗೆ ನಟಾಲಿಗೆ ಕೂಲಿ ಹಡಗು ಹೋಗಲಿಲ್ಲ. 1911ರ ಜುಲೈ ನಂತರವೂ ಹೋಗಲಿಲ್ಲ. ನಟಾಲಿನ ಉತ್ತರ ಭಾಗದ ಡಂಡಿ, ನ್ಯೂಕ್ಯಾಸಲ್ ಕಡೆಯ ಕಲ್ಲಿದ್ದಲು ಗಣಿಗಳು ದೊಡ್ಡದಾಗಿ ಎದ್ದದ್ದು 1880ರ ದಶಕದ ಕೊನೆಗೆ. ಡಂಡಿ ಕೋಲ್ ಕಂಪನಿ ಹುಟ್ಟಿದ್ದು 1889ರಲ್ಲಿ. ಧಾತು ಬರದಲ್ಲಿ ಹೊರಟವನು ಇಳಿದದ್ದು ಬಹುಶಃ ಕಬ್ಬಿನ ತೋಟಕ್ಕೆ. ಗಣಿಗೆ ಅವನ ಮಗ ಹೋಗಿರಬಹುದು.

ಊರು ಹಳೆಯ ಜಿಲ್ಲೆಗೆ ಸೇರಲಿ

ಹಡಗು ಹತ್ತಿದವರ ಪಟ್ಟಿಯಲ್ಲಿ ಕೃಷ್ಣಗಿರಿ ಜಿಲ್ಲೆ ಹುಡುಕಿದರೆ ಸಿಗುವುದಿಲ್ಲ. ಅದು ಹುಟ್ಟಿದ್ದು 2004ರಲ್ಲಿ, ಅದಕ್ಕೆ ಮುಂಚಿನ ಧರ್ಮಪುರಿ 1965ರಲ್ಲಿ. ಹೊಸೂರು, ಡೆಂಕಣಿಕೋಟೆ, ಥಳಿ, ಬಾಗಲೂರು, ಕೃಷ್ಣಗಿರಿ ಎಲ್ಲವೂ ಆಗ ಸೇಲಂ ಜಿಲ್ಲೆ. ಕುಪ್ಪಂ ಕಂಗುಂದಿ ಜಮೀನಿಗೆ ಸೇರಿತ್ತು, 1911ರವರೆಗೆ ಅದನ್ನು ಉತ್ತರ ಆರ್ಕಾಟಿನಲ್ಲಿ ನೋಡಬೇಕು, ಏಕೆಂದರೆ ಚಿತ್ತೂರು ಜಿಲ್ಲೆ ಆದದ್ದು ಆ ವರ್ಷದ ಏಪ್ರಿಲಿನಲ್ಲಿ. ತಾಳವಾಡಿ ಕೊಯಮತ್ತೂರಿನಲ್ಲಿತ್ತು, ಪಕ್ಕದ ಕೊಳ್ಳೇಗಾಲವೂ ಅಲ್ಲಿಯೇ. ಮಡಕಶಿರಾ ಅನಂತಪುರ ಜಿಲ್ಲೆ, 1882ಕ್ಕೆ ಮುಂಚಿನ ಹಡಗಾದರೆ ಬಳ್ಳಾರಿ. ರಾಯದುರ್ಗ ಬಳ್ಳಾರಿಯೇ. ಕಾಸರಗೋಡಿನವರು ದಕ್ಷಿಣ ಕನ್ನಡ ಎಂದು ಹುಡುಕಬೇಕು.

ಪಟ್ಟಿಯಲ್ಲಿ ಜಿಲ್ಲೆಗೆ 'ಜಿಲ್ಲಾ', ತಾಲ್ಲೂಕಿಗೆ 'ಥಾಣಾ' ಎಂಬ ತಲೆಬರಹ ಇರುತ್ತದೆ. ಬಂಗಾಳದ ನಮೂನೆಯನ್ನೇ ಮದರಾಸಿಗೂ ತಂದದ್ದರಿಂದ ಹೀಗೆ. ಥಾಣಾ ಎಂದರೆ ಪೊಲೀಸ್ ಠಾಣೆ ಎಂದುಕೊಂಡು ಗಾಬರಿಯಾಗಬೇಡಿ. ಹೊಸೂರನ್ನು ಆಗಿನ ಇಂಗ್ಲಿಷ್ ಕಾಗದಗಳಲ್ಲಿ 'ಊಸೂರ್', ಕೃಷ್ಣಗಿರಿಯನ್ನು 'ಕಿಸ್ತ್ನಗಿರಿ', 'ಕೃಷ್ಣಗೆರಿ' ಎಂದು ಬರೆಯುತ್ತಿದ್ದರು. ಹಳ್ಳಿಯ ಹೆಸರಿನಲ್ಲಿ ಕೊನೆಯ 'ಹಳ್ಳಿ' 'ಪಳ್ಳಿ' ಆಗಿ ಕೂತಿರುತ್ತದೆ.

ಹೆಸರನ್ನು ಗುಮಾಸ್ತನ ಕಿವಿಯಿಂದ ಕೇಳಿ

ಇಲ್ಲಿ ನಿಧಾನ ಬೇಕು. ಕೆಲಸದ ಅರ್ಧ ಪಾಲು ಇದೇ. ನಿಮ್ಮ ಹಿರಿಯ ಕನ್ನಡದಲ್ಲಿ ಹೆಸರು ಹೇಳಿದ, ತಮಿಳು ಬಲ್ಲ ಇನ್ನೊಬ್ಬ ಅದನ್ನು ದಾಟಿಸಿದ, ಗುಮಾಸ್ತ ಇಂಗ್ಲಿಷಿನಲ್ಲಿ ಗೀಚಿದ, ಡರ್ಬನ್ನಿನಲ್ಲಿ ಇನ್ನೊಬ್ಬ ಪ್ರತಿ ಮಾಡಿದ, ನಮ್ಮ ಕಾಲದಲ್ಲಿ ಮತ್ತೊಬ್ಬರು ಕಂಪ್ಯೂಟರಿಗೆ ಏರಿಸಿದರು. ಪ್ರತಿ ಕೈಯಲ್ಲೂ ಒಂದು ಅಕ್ಷರ ಜಾರಬಹುದು.

ತಮಿಳು ಬರವಣಿಗೆಯಲ್ಲಿ ಕ-ಗ, ತ-ದ, ಪ-ಬ ಗಳಿಗೆ ಬೇರೆ ಬೇರೆ ಅಕ್ಷರ ಇಲ್ಲ. ಹಾಗಾಗಿ ದೊಡ್ಡಯ್ಯ 'ತೊಡ್ಡಯ' ಆಗಿರಬಹುದು, ಗಂಗಮ್ಮ 'ಕಂಗಮ್ಮ', ಬಸವ 'ಪಸವನ್'. ಚಿಕ್ಕಣ್ಣ 'ಸಿಕ್ಕಣ'. ಹನುಮನ ಹಕಾರ ಬಿದ್ದು 'ಅನುಮನ್'. ಕೆಂಪ 'ಕೆಂಪನ್', ಮುನಿಯಪ್ಪ 'ಮುನಿಯನ್' ಅಥವಾ 'ಮುನಿಯಪ್ಪನ್'. ಗೌಡ, ಶೆಟ್ಟಿ ಎಂಬ ಬಾಲಗಳನ್ನು ಹೆಸರಿನ ಕಾಲಮ್ಮಿನಲ್ಲಿ ನಂಬಬೇಡಿ, ಜಾತಿಯ ಕಾಲಮ್ಮಿನಲ್ಲಿ ನೋಡಿ. ಅಲ್ಲಿಯೂ ಒಕ್ಕಲಿಗ 'ವಕ್ಕಲಿಗ' ಆಗಿರುತ್ತದೆ, ಕುರುಬರು 'ಕುರುಂಬ', ಹೊಲೆಯರನ್ನು ತಮಿಳಿನ ಹೆಸರಿಗೆ ತಿರುಗಿಸಿ ಬರೆದಿರುವುದೂ ಉಂಟು. ಯಾವ ಜಾತಿಯವರನ್ನು ತೆಗೆದುಕೊಳ್ಳುವುದಿಲ್ಲವೋ ಎಂಬ ಭಯದಲ್ಲಿ ಜಾತಿ ಬದಲಿಸಿ ಹೇಳಿದವರೂ ಇರಬಹುದು. ಅದೊಂದು ಕಾಲಮ್ಮು ಹೊಂದಲಿಲ್ಲ ಎಂದು ಇಡೀ ಸಾಲನ್ನು ತಳ್ಳಿಹಾಕಬೇಡಿ.

ಒಂದು ಹಾಳೆಯಲ್ಲಿ ಹಿರಿಯನ ಹೆಸರಿಗೆ ಕನಿಷ್ಠ ಹತ್ತು ಕಾಗುಣಿತ ಬರೆದಿಟ್ಟುಕೊಳ್ಳಿ, ತಂದೆಯ ಹೆಸರಿಗೆ ಇನ್ನು ಹತ್ತು. ಬೆಂಗಳೂರಿನ ಇಂಗ್ಲಿಷ್ ಕಾಗುಣಿತ ಬೇಡ. ತಮಿಳಿನ ಗೆಳೆಯನೊಬ್ಬನಿಗೆ ಹೆಸರು ಕೂಗಿ ಹೇಳಿ, ಅವನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾನೆ ನೋಡಿ. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಪಟ್ಟಿ ಹುಡುಕುವುದು

ಹಡಗಿನ ಪಟ್ಟಿಗಳ ಮೂಲ ಸಂಪುಟಗಳು ದಕ್ಷಿಣ ಆಫ್ರಿಕದ ಸರಕಾರಿ ಪತ್ರಾಗಾರದಲ್ಲಿವೆ. ಅವನ್ನು ಕಂಪ್ಯೂಟರಿಗೆ ಏರಿಸಿದ ಪ್ರತಿ ಡರ್ಬನ್ನಿನ ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಗಾಂಧಿ-ಲುಥುಲಿ ದಾಖಲೆ ಕೇಂದ್ರದ ಕಡೆಯಿಂದ ದೊರೆಯುತ್ತದೆ. ಪಟ್ಟಿಯ ಒಂದೊಂದು ಸಾಲಿನಲ್ಲಿ ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಗಂಡು-ಹೆಣ್ಣು, ಜಾತಿ, ಜಿಲ್ಲಾ, ಥಾಣಾ, ಹಳ್ಳಿ, ಮೈಮೇಲಿನ ಗುರುತು, ಹಡಗಿನ ಹೆಸರು, ಇಳಿದ ದಿನ, ಮೊದಲ ಧಣಿ ಇಷ್ಟು ಸಿಗುತ್ತವೆ.

ಹುಡುಕುವಾಗ ಹೆಸರಿನಿಂದ ಶುರು ಮಾಡಬೇಡಿ. ಹಳ್ಳಿಯಿಂದ ಶುರು ಮಾಡಿ, ನಂತರ ಥಾಣಾ, ಆಮೇಲೆ ಹೆಸರು. ಸೇಲಂ ಜಿಲ್ಲೆಯ ಮುನಿಯನ್‌ಗಳನ್ನು ಎಣಿಸುವುದಕ್ಕಿಂತ ಊಸೂರು ಥಾಣಾದ ಎಲ್ಲ ಸಾಲುಗಳನ್ನು ಓದುವುದು ಬೇಗ ಮುಗಿಯುತ್ತದೆ. ವಯಸ್ಸಿಗೆ ಆಚೀಚೆ ಐದು ವರ್ಷ ಬಿಡಿ, ಅದು ಹಡಗು ಹತ್ತುವ ಮುಂಚೆ ಕೂಲಿಯವರನ್ನು ಇರಿಸುತ್ತಿದ್ದ ಡಿಪೊದಲ್ಲಿ ಕಣ್ಣಳತೆಯಲ್ಲಿ ಬರೆದದ್ದು. ಸಾಲು ಸಿಕ್ಕಿದ ಮೇಲೆ ಮೇಲಿನ ಐದು, ಕೆಳಗಿನ ಐದು ಸಾಲುಗಳನ್ನೂ ಪ್ರತಿ ಮಾಡಿಕೊಳ್ಳಿ. ಒಂದೇ ಮನೆಯವರಿಗೆ ಸಾಮಾನ್ಯವಾಗಿ ಒಂದರ ಪಕ್ಕ ಒಂದು ಸಂಖ್ಯೆ ಬಿದ್ದಿರುತ್ತದೆ, ಹೆಂಡತಿಗೂ ಮಗುವಿಗೂ ಬೇರೆ ಬೇರೆ ಸಂಖ್ಯೆ. ನೂರು ಗಂಡಸರಿಗೆ ನಲವತ್ತು ಹೆಂಗಸರು ಇರಲೇಬೇಕೆಂಬ ನಿಯಮ ಇತ್ತು. ಊರಿನಲ್ಲಿ ಮಾತೇ ಎತ್ತದ ಹೆಣ್ಣುಮಗಳೊಬ್ಬಳು ಪಕ್ಕದ ಸಾಲಿನಲ್ಲಿ ಸಿಗುವುದು ಹೀಗೆಯೇ.

ಸಂಖ್ಯೆ ತಾನೇ ಕಾಲ ಹೇಳುತ್ತದೆ. ಅದು 1ರಿಂದ 1,52,184ರವರೆಗೆ ಒಂದೇ ಸರಣಿ. ಒಂದು ಲಕ್ಷ ದಾಟಿದ್ದರೆ 20ನೇ ಶತಮಾನದ ಮೊದಲ ದಶಕದ ಹಡಗು. ಕರಾರು ಐದು ವರ್ಷದ್ದು. 1913ರಲ್ಲಿ ಮೊದಲ ಕರಾರಿನಲ್ಲೇ ಇದ್ದವನು 1908ರ ನಂತರ ಬಂದವನಾಗಿರಬೇಕು, ಇಲ್ಲದಿದ್ದರೆ ಮತ್ತೆ ಕರಾರು ಬರೆದವನು.

ಮೈಮೇಲಿನ ಗುರುತಿನ ಕಾಲಮ್ಮನ್ನು ದಾಟಿಸಿ ಹೋಗಬೇಡಿ. 'ಎಡ ಮೊಣಕಾಲಿನ ಕೆಳಗೆ ಗಾಯದ ಕಲೆ', 'ಬಲ ಕೆನ್ನೆಯ ಮೇಲೆ ಮಚ್ಚೆ', ಹೀಗೆ ನಾಲ್ಕೈದು ಪದ ಇರುತ್ತವೆ. ಮುಂದೆ ಒಂದೇ ಹೆಸರಿನ ಇಬ್ಬರು ಎದುರು ನಿಂತಾಗ ಬಿಡಿಸಲು ಉಳಿಯುವುದು ಅದೊಂದೇ. ಭಾವಚಿತ್ರ ಇಲ್ಲದ ಮನೆಗೆ ಆ ಹಿರಿಯನ ಮೈಯಿಂದ ಬಂದದ್ದೂ ಆ ನಾಲ್ಕು ಪದಗಳೇ.

ಧಣಿಯ ಕಾಲಮ್ಮಿನಲ್ಲಿ ಡಂಡಿ ಕೋಲ್ ಕಂಪನಿ, ಎಲಾಂಡ್ಸ್‌ಲಾಗ್ಟೆ, ನಟಾಲ್ ನ್ಯಾವಿಗೇಶನ್, ಸೇಂಟ್ ಜಾರ್ಜಸ್, ಕೇಂಬ್ರಿಯನ್, ಬ್ಯಾಲೆಂಗೈಕ್, ಫಾರ್ಲೆ ಎಂಬ ಹೆಸರು ಬಂದರೆ ಅದು ಗಣಿ. ಕಬ್ಬಿನ ತೋಟದ ಹೆಸರಿದ್ದರೂ ಕೈಬಿಡಬೇಡಿ. ಆ ಕಾಲಮ್ಮು ಮೊದಲ ಧಣಿಯದು ಮಾತ್ರ, ಮುಂದೆ ಬೇರೆಡೆಗೆ ವರ್ಗ ಮಾಡುತ್ತಿದ್ದರು, ಅದರ ಲೆಕ್ಕ ಬೇರೆ.

ಅಪರಾಧದ ಮಾತುಗಳನ್ನು ಓದುವುದು

ದಾಖಲೆಯಲ್ಲಿ ನಿಮ್ಮ ಹಿರಿಯನ ಹೆಸರಿನ ಮುಂದೆ 'ಡೆಸರ್ಶನ್' ಎಂದು ಕಂಡರೆ ಅವನು ಸೈನ್ಯದಿಂದ ಓಡಿದವನಲ್ಲ. ಕೆಲಸದ ಜಾಗ ಬಿಟ್ಟು ಹೋದ ಎಂದಷ್ಟೇ ಅರ್ಥ. ನಟಾಲಿನಲ್ಲಿ ಇಂಥವಕ್ಕೆಲ್ಲ ಮೂಲ 1891ರ 25ನೇ ಕಾನೂನು. ಅದರಡಿ ಧಣಿಯ ಅನುಮತಿ ಚೀಟಿ ಇಲ್ಲದೆ ಹೊರಗೆ ಹೋಗುವುದು, ಹಾಜರಿಗೆ ಬಾರದಿರುವುದು, ಕೆಲಸಕ್ಕೆ ಒಲ್ಲೆ ಎನ್ನುವುದು ಎಲ್ಲಕ್ಕೂ ದಂಡ ಅಥವಾ ಜೈಲು ಆಗುತ್ತಿತ್ತು. ಧಣಿಯ ಮೇಲೆ ದೂರು ಹೇಳಲು ಗುಂಪಾಗಿ ಹೊರಟವರನ್ನೂ ಚೀಟಿ ಇಲ್ಲ ಎಂಬ ಕಾರಣಕ್ಕೇ ಹಿಡಿಯಬಹುದಿತ್ತು. ಗೈರುಹಾಜರಾದ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು. ಇಂದು ನಾವು ರಜೆ, ಜಗಳ, ರಾಜೀನಾಮೆ ಎನ್ನುವುದನ್ನು ಆ ಕಾನೂನು ಅಪರಾಧ ಎಂದಿತು. ಮನೆಯವರಿಗೆ ಓದಿ ಹೇಳುವಾಗ ಇದನ್ನು ಮೊದಲು ಹೇಳಿ, ಆಮೇಲೆ ಕಾಗದ ತೋರಿಸಿ. 'ಜೈಲಿಗೆ ಹೋದವನು' ಎಂಬ ನಾಚಿಕೆಯಿಂದಲೇ ಹೆಸರು ಬಾಯಿಗೆ ಬಾರದಂತೆ ಮಾಡಿದ ಮನೆಗಳಿಗೆ ಈ ಒಂದು ವಿವರಣೆ ಬೇಕು.

'ಎಚ್.ಎಲ್.' ಎಂದು ಗೀಚಿದ್ದರೆ ಕಠಿಣ ದುಡಿಮೆಯ ಶಿಕ್ಷೆ. ದಂಡ ಪೌಂಡು, ಶಿಲ್ಲಿಂಗು, ಪೆನ್ಸ್ ಲೆಕ್ಕದಲ್ಲಿರುತ್ತದೆ: 12 ಪೆನ್ಸಿಗೆ 1 ಶಿಲ್ಲಿಂಗು, 20 ಶಿಲ್ಲಿಂಗಿಗೆ 1 ಪೌಂಡು. ಅದರ ತೂಕ ತಿಳಿಯಲು ಕೂಲಿಯ ಪಕ್ಕ ಇಟ್ಟು ನೋಡಿ. ಮೊದಲ ವರ್ಷ ತಿಂಗಳಿಗೆ 10 ಶಿಲ್ಲಿಂಗು, ವರ್ಷಕ್ಕೆ ಒಂದೊಂದು ಏರಿ ಐದನೇ ವರ್ಷ 14. ಆಗಿನ ನಮ್ಮ ದುಡ್ಡಿನಲ್ಲಿ ಪೌಂಡಿಗೆ 15 ರೂಪಾಯಿ, ಎಂದರೆ ಶುರುವಿನ ಕೂಲಿ ತಿಂಗಳಿಗೆ ಏಳೂವರೆ ರೂಪಾಯಿ. 1895ರ 17ನೇ ಕಾಯಿದೆ ಬಂದ ಮೇಲೆ ಹಡಗು ಹತ್ತಿದವರು ಕರಾರು ಮುಗಿದು ಸ್ವತಂತ್ರರಾಗಿ ಅಲ್ಲೇ ಉಳಿದರೆ ವರ್ಷಕ್ಕೆ 3 ಪೌಂಡು ತಲೆಗಂದಾಯ ಕಟ್ಟಬೇಕಿತ್ತು: 60 ಶಿಲ್ಲಿಂಗು, ಐದನೇ ವರ್ಷದ ಕೂಲಿಯಲ್ಲೂ ನಾಲ್ಕು ತಿಂಗಳಿಗೂ ಹೆಚ್ಚಿನ ದುಡಿಮೆ. 1903ರಲ್ಲಿ ಅದನ್ನು 16 ದಾಟಿದ ಗಂಡುಮಕ್ಕಳಿಗೂ 13 ದಾಟಿದ ಹೆಣ್ಣುಮಕ್ಕಳಿಗೂ ಹಬ್ಬಿಸಿದರು. ಗಂಡ, ಹೆಂಡತಿ, ದೊಡ್ಡ ಮಕ್ಕಳಿಬ್ಬರು ಇದ್ದ ಮನೆಗೆ ವರ್ಷಕ್ಕೆ 12 ಪೌಂಡು. ಕಟ್ಟಲಾಗದವರಿಗೆ ಜೈಲು, ಇಲ್ಲವೇ ಮತ್ತೆ ಕರಾರು, ಇಲ್ಲವೇ ವಾಪಸ್ ಹಡಗು. ಮನೆಮಾತಿನ 'ಮೂರು ಪೌನು' ಇದೇ.

1913: ಲೈನು ಮನೆಯೇ ಜೈಲಾದಾಗ

ಆ ವರ್ಷದ ಮಾರ್ಚ್ 14ರಂದು ಕೇಪ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸರ್ಲ್ ಕೊಟ್ಟ ತೀರ್ಪಿನಿಂದ ಹಿಂದೂ, ಮುಸ್ಲಿಂ ಮದುವೆಗಳಿಗೆ ಅಲ್ಲಿ ಬೆಲೆ ಇಲ್ಲದಂತಾಯಿತು. ಇದರಿಂದ ಹೆಂಗಸರೂ ಹೋರಾಟಕ್ಕೆ ಇಳಿದರು. ಅಕ್ಟೋಬರಿನಲ್ಲಿ ಗಾಂಧೀಜಿಯ ಆಶ್ರಮವಾಗಿದ್ದ ಟಾಲ್‌ಸ್ಟಾಯ್ ಫಾರ್ಮಿನ ಹೆಂಗಸರು, ಹೆಚ್ಚಿನವರು ತಮಿಳರು, ನ್ಯೂಕ್ಯಾಸಲ್ಲಿಗೆ ಹೋಗಿ ಮೂರು ಪೌಂಡಿನ ತೆರಿಗೆಯ ವಿರುದ್ಧ ಕೆಲಸ ನಿಲ್ಲಿಸಿ ಎಂದು ಗಣಿಯವರ ಜೊತೆ ಮಾತಾಡಿದರು. ತಿಂಗಳ ನಡುವಿನಲ್ಲಿ ಫಾರ್ಲೆ ಗಣಿಯಲ್ಲಿ ಕೆಲಸ ನಿಂತಿತು, ಬೆಂಕಿಯಂತೆ ಉಳಿದ ಗಣಿಗಳಿಗೂ ಹಬ್ಬಿತು. ಆ ಹೆಂಗಸರಿಗೆ ಮೂರು ತಿಂಗಳ ಕಠಿಣ ಶಿಕ್ಷೆಯಾಯಿತು. ಲೈನು ಮನೆ ಬಿಟ್ಟು ಬಂದ ಗಣಿಯವರು ಗಾಂಧೀಜಿಯ ಮುಂದಾಳುತನದಲ್ಲಿ ನ್ಯೂಕ್ಯಾಸಲ್ಲಿನಿಂದ 36 ಮೈಲಿ ನಡೆದು ಚಾರ್ಲ್ಸ್‌ಟೌನ್ ಸೇರಿದರು. ದಾರಿಯ ಊಟ ತಲೆಗೆ ದಿನಕ್ಕೆ ಒಂದೂವರೆ ಪೌಂಡು ಬ್ರೆಡ್ಡು, ಒಂದು ಔನ್ಸು ಸಕ್ಕರೆ. ಇಂದಿನ ತೂಕದಲ್ಲಿ ಸುಮಾರು 680 ಗ್ರಾಂ ಬ್ರೆಡ್ಡು, 28 ಗ್ರಾಂ ಸಕ್ಕರೆ. ನವೆಂಬರ್ 6ರಂದು ಟ್ರಾನ್ಸ್‌ವಾಲ್ ಪ್ರಾಂತ್ಯದ ಗಡಿ ದಾಟಿದವರ ಲೆಕ್ಕ 2,037 ಗಂಡಸರು, 127 ಹೆಂಗಸರು, 57 ಮಕ್ಕಳು. ಕೈಗೂಸುಗಳೆರಡು ದಾರಿಯಲ್ಲೇ ತೀರಿಕೊಂಡವು. ನವೆಂಬರ್ 10ರಂದು ಬಾಲ್ಫೋರಿನಲ್ಲಿ ಎಲ್ಲರನ್ನೂ ಹಿಡಿದು ರೈಲಿಗೆ ತುಂಬಿ ನಟಾಲಿಗೆ ವಾಪಸ್ ತಂದರು. ಮರುದಿನ ಡಂಡಿಯಲ್ಲಿ ಗಾಂಧೀಜಿಗೆ ಒಂಬತ್ತು ತಿಂಗಳ ಶಿಕ್ಷೆ.

ದಾಖಲೆ ಹುಡುಕುವವರಿಗೆ ಮುಖ್ಯವಾದದ್ದು ಮುಂದಿನದು. ಅಷ್ಟು ಜನರಿಗೆ ಜೈಲಿನಲ್ಲಿ ಜಾಗ ಇರಲಿಲ್ಲ, ಗಣಿಗಳಿಗೋ ಆಳು ಬೇಕಿತ್ತು. ಸರಕಾರ ಗಣಿಗಳ ಕಾಂಪೌಂಡುಗಳನ್ನೇ, ಎಂದರೆ ಆಳುಗಳ ಲೈನು ಮನೆಗಳ ಆವರಣವನ್ನೇ, ಡಂಡಿ ಮತ್ತು ನ್ಯೂಕ್ಯಾಸಲ್ ಜೈಲುಗಳ ಹೊರಠಾಣೆ ಎಂದು ಸಾರಿತು, ಗಣಿಯ ಬಿಳಿಯ ನೌಕರರನ್ನೇ ವಾರ್ಡರುಗಳನ್ನಾಗಿ ಮಾಡಿತು. ಕೆಲಸ ಬಿಟ್ಟ ತಪ್ಪಿಗೆ ಶಿಕ್ಷೆ ಏನೆಂದರೆ ಅದೇ ಗಣಿಯ ಒಳಗೆ ಅದೇ ಕೆಲಸ, ಈಗ ಕೈದಿಯಾಗಿ. ಒಲ್ಲೆ ಎಂದವರಿಗೆ ಚಾವಟಿ.

ಈ ಕಾರಣಕ್ಕೆ ಊರ ಜೈಲಿನ ಪುಸ್ತಕದಲ್ಲಿ ಹೆಸರು ಕಾಣದಿದ್ದರೆ ಶಿಕ್ಷೆಯೇ ಆಗಿರಲಿಲ್ಲ ಎಂದು ತೀರ್ಮಾನಿಸಬೇಡಿ. ಮೂರು ಕಡೆ ನೋಡಬೇಕು. ಒಂದು, ಡಂಡಿ ಮತ್ತು ನ್ಯೂಕ್ಯಾಸಲ್ ಮ್ಯಾಜಿಸ್ಟ್ರೇಟರ ಕಾಗದಗಳು. ಎರಡು, ಭಾರತೀಯ ವಲಸೆ ಇಲಾಖೆಯ ಕಡತಗಳು, ಪತ್ರಾಗಾರದ ಸೂಚಿಯಲ್ಲಿ ಇವಕ್ಕೆ 'ಐಐ' (II) ಎಂಬ ಗುರುತು. ಕೂಲಿಯವರ ದೂರು, ಹೊಡೆತ, ಓಡಿಹೋದವರ ಪತ್ತೆ ಎಲ್ಲ ಪ್ರೊಟೆಕ್ಟರ್ ಎಂಬ ಅಧಿಕಾರಿಯ ಕೈ ದಾಟಿ ಇಲ್ಲಿ ಸೇರಿವೆ. ಮೂರು, 1913ರ ಡಿಸೆಂಬರಿನಲ್ಲಿ ನೇಮಿಸಿದ ಸಾಲೊಮನ್ ವಿಚಾರಣಾ ಆಯೋಗದ ಕಾಗದಗಳು. ಗಣಿಯ ಹೆಸರು ಗೊತ್ತಿದ್ದರೆ ಆಳಿನ ಹೆಸರಿಗಿಂತ ಗಣಿಯ ಹೆಸರಿನಿಂದ ಹುಡುಕುವುದು ಒಳ್ಳೆಯದು.

ಪತ್ರಾಗಾರದ ಸೂಚಿ ಮತ್ತು ಪತ್ರ ಬರೆಯುವುದು

ದಕ್ಷಿಣ ಆಫ್ರಿಕದ ರಾಷ್ಟ್ರೀಯ ಪತ್ರಾಗಾರದ ಸೂಚಿ 'ನಾಯರ್ಸ್' (NAAIRS) ಎಂಬ ಹೆಸರಿನಲ್ಲಿ ಇಂಟರ್‌ನೆಟ್ಟಿನಲ್ಲಿದೆ, ಹಣ ಬೇಡ. ಅದರಲ್ಲಿ ಕಡತದ ಚಿತ್ರ ಇಲ್ಲ, ಎರಡು ಸಾಲಿನ ವಿವರ ಮಾತ್ರ. ನಮ್ಮ ಕೆಲಸಕ್ಕೆ ಬೇಕಾದ ಭಾಗ 'ಎನ್ಎಬಿ', ಎಂದರೆ ಪೀಟರ್‌ಮರಿಟ್ಸ್‌ಬರ್ಗ್ ಪತ್ರಾಗಾರ. ಡರ್ಬನ್ನಿನದು 'ಟಿಬಿಡಿ'. ಹುಡುಕುವ ಚೌಕದಲ್ಲಿ ಒಮ್ಮೆ ಸಂಖ್ಯೆ ಹಾಕಿ, ಒಮ್ಮೆ ಗಣಿಯ ಹೆಸರು ಹಾಕಿ, ಆಮೇಲೆ ಕಾಗುಣಿತದ ಹಾಳೆಯನ್ನು ಒಂದೊಂದಾಗಿ ಪ್ರಯತ್ನಿಸಿ. ಸಂಖ್ಯೆಯಲ್ಲಿ ಅಲ್ಪವಿರಾಮ ಹಾಕಬೇಡಿ. ಫಲಿತಾಂಶ ಬಂದರೆ ಡಿಪೊ, ಸೋರ್ಸ್, ಟೈಪ್, ವಾಲ್ಯೂಮ್ ಸಂಖ್ಯೆ, ರೆಫರೆನ್ಸ್, ಶುರು ಮತ್ತು ಕೊನೆಯ ಇಸವಿ ಆರನ್ನೂ ಹಾಗೆಯೇ ಇಳಿಸಿಕೊಳ್ಳಿ. 'ವಾಲ್ಯೂಮ್ ಗೊತ್ತು, ಸಾಕು' ಎಂದು ಉಳಿದದ್ದು ಬಿಟ್ಟವರು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ, ಏಕೆಂದರೆ ವಾಲ್ಯೂಮ್ 1 ಎಂಬುದು ಪ್ರತಿ ಇಲಾಖೆಗೂ ಇದೆ.

ಪತ್ರಾಗಾರಕ್ಕೆ ಇಂಗ್ಲಿಷಿನಲ್ಲಿ ಮೇಲ್ ಬರೆಯುವಾಗ ಮನೆತನದ ಕಥೆ ಬೇಡ. ಸಂಖ್ಯೆ, ಪಟ್ಟಿಯಲ್ಲಿರುವ ಕಾಗುಣಿತದ ಹೆಸರು, ಹಡಗು ಮತ್ತು ಇಳಿದ ದಿನ, ಧಣಿ, ಮೇಲಿನ ಆರು ವಿವರ, ಇಷ್ಟು ಐದು ಸಾಲಿನಲ್ಲಿ ಬರೆಯಿರಿ. ಒಂದು ಪತ್ರದಲ್ಲಿ ಒಬ್ಬರನ್ನು ಮಾತ್ರ ಕೇಳಿ. ಪ್ರತಿಗೆ ಎಷ್ಟು ಹಣ, ಹೇಗೆ ಕಳಿಸಬೇಕು ಎಂಬುದನ್ನು ಅದೇ ಪತ್ರದಲ್ಲಿ ವಿಚಾರಿಸಿ. ಹಾಳೆಯ ಎರಡೂ ಬದಿಯ ಪ್ರತಿ ಬೇಕು ಎಂದು ಬಿಡಿಸಿ ಹೇಳಿ.

ಹಿರಿಯ ಅಲ್ಲೇ ಉಳಿದು ತೀರಿಕೊಂಡಿದ್ದರೆ ಆಸ್ತಿ ವಿಲೇವಾರಿಯ ಕಡತ ಇರಬಹುದು. ಪೀಟರ್‌ಮರಿಟ್ಸ್‌ಬರ್ಗಿನ ಈ ಕಡತಗಳ ಚಿತ್ರಗಳು ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿವೆ, ಹೆಸರು ನೋಂದಾಯಿಸಿದರೆ ಉಚಿತ. ಅಲ್ಲಿ ಹೆಂಡತಿ ಮಕ್ಕಳ ಹೆಸರು ಸಿಗುವುದರಿಂದ ಇಂದಿನ ನೆಂಟರವರೆಗೆ ದಾರಿ ತೆರೆಯುತ್ತದೆ.

ನಮ್ಮ ಕಡೆಯ ಕಾಗದ

1883ರ 21ನೇ ವಲಸೆ ಕಾಯಿದೆಯ ಪ್ರಕಾರ ಕೂಲಿಗೆ ಹೊರಟವನನ್ನು ಜಿಲ್ಲೆಯ ನೋಂದಣಿ ಅಧಿಕಾರಿಯ ಮುಂದೆ ನಿಲ್ಲಿಸಿ ದಾಖಲಿಸಬೇಕಿತ್ತು. ಒಬ್ಬೊಬ್ಬನ ಸಾಲು ಇಲ್ಲಿ ಸಿಗುತ್ತದೆ ಎಂಬ ಭರವಸೆ ಇಟ್ಟುಕೊಂಡು ಚೆನ್ನೈ ರೈಲು ಹತ್ತಬೇಡಿ. ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಮದರಾಸು ಸರಕಾರದ ಜಿ.ಓ.ಗಳ, ಎಂದರೆ ಸರಕಾರಿ ಆದೇಶಗಳ, ವಾರ್ಷಿಕ ಸೂಚಿಗಳನ್ನು 'ಎಮಿಗ್ರೇಶನ್' ಎಂಬ ತಲೆಬರಹದಲ್ಲಿ ಓದಬೇಕು. ಹೋಗುವ ಮೊದಲು ಒಳಗೆ ಕೂರಲು ಏನೇನು ಕಾಗದ ಬೇಕೆಂದು ಬರೆದು ಕೇಳಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ತಾಣದಲ್ಲಿ ಮನೆಯಿಂದಲೇ ನೋಡಬಹುದು. 1913-14ರ ವಲಸೆ ಕಡತಗಳು ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆಯ ಎಮಿಗ್ರೇಶನ್ ಶಾಖೆಯಲ್ಲಿವೆ.

ಪತ್ರಿಕೆ ಮರೆಯಬೇಡಿ. 1903ರಲ್ಲಿ ಶುರುವಾದ 'ಇಂಡಿಯನ್ ಒಪೀನಿಯನ್' ಸಂಚಿಕೆಗಳು ಗಾಂಧಿ ಹೆರಿಟೇಜ್ ಪೋರ್ಟಲಿನಲ್ಲಿವೆ. 1913ರ ಅಕ್ಟೋಬರಿನಿಂದ 1914ರ ಮಾರ್ಚಿನವರೆಗಿನವನ್ನು ಹುಡುಕು-ಚೌಕ ನಂಬದೆ ಪುಟ ಪುಟವಾಗಿ ಕಣ್ಣಾಡಿಸಿ, ಹಳೆಯ ಅಚ್ಚನ್ನು ಯಂತ್ರ ತಪ್ಪು ಓದುತ್ತದೆ. ತಮಿಳು ಪುಟಗಳು ಇರುವ ಸಂಚಿಕೆಗಳನ್ನು ಬಿಡಬೇಡಿ. ನಮ್ಮ ಹೆಸರುಗಳು ಇಂಗ್ಲಿಷಿಗಿಂತ ತಮಿಳಿನಲ್ಲಿ ಹೆಚ್ಚು ಸರಿಯಾಗಿ ಉಳಿದಿರುವ ಸಂಭವ ಇದೆ. ಹೊಸೂರಿನಲ್ಲಿ ತಮಿಳು ಓದಲು ಬರುವ ಮಕ್ಕಳಿಗೇನೂ ಬರ ಇಲ್ಲ.

ತಪ್ಪುವುದು ಎಲ್ಲಿ

ಹೆಸರು, ತಂದೆಯ ಹೆಸರು, ಹಳ್ಳಿ ಮೂರೂ ಹೊಂದಿದರೆ ನಿಮ್ಮವನೇ ಎನ್ನಬಹುದು. ಎರಡೇ ಹೊಂದಿದರೆ ಪೆನ್ಸಿಲಿನಲ್ಲಿ ಬರೆಯಿರಿ. ಹೆಸರೊಂದೇ ಹೊಂದಿದರೆ ಬರೆಯಲೇಬೇಡಿ. ಬೇರೊಬ್ಬರ ಹಿರಿಯನ ಶಿಕ್ಷೆಯನ್ನು ನಿಮ್ಮ ಮನೆಯ ಗೋಡೆಗೆ ತೂಗುಹಾಕಿದಂತೆ ಆಗುತ್ತದೆ, ಅದಕ್ಕಿಂತ ಕೆಟ್ಟದ್ದು, ಆ ಇನ್ನೊಂದು ಮನೆಯವರು ಹುಡುಕುವುದನ್ನೇ ನಿಲ್ಲಿಸುತ್ತಾರೆ. ಇನ್ನೊಂದು ಸಾಮಾನ್ಯ ತಪ್ಪು, 1913ರ ಕೈದಿಗಳೆಲ್ಲ ಗಾಂಧೀಜಿಯ ಜೊತೆ ನಡೆದವರು ಎಂದುಕೊಳ್ಳುವುದು. ಕಬ್ಬಿನ ತೋಟಗಳಲ್ಲೂ ಸಾವಿರಾರು ಜನ ಕೆಲಸ ನಿಲ್ಲಿಸಿದ್ದರು, ಅಲ್ಲಿ ಗುಂಡೇಟಿಗೆ ಸತ್ತವರಿದ್ದಾರೆ. ಧಣಿಯ ಹೆಸರು ನೋಡದೆ ಗಣಿ ಎಂದು ಬರೆಯಬೇಡಿ.

ಊರಿಗೆ ಮರಳಿರಬಹುದೇ ಎಂಬ ಪ್ರಶ್ನೆಗೆ ಪಟ್ಟಿಯ ಕೊನೆಯ ಷರಾ ಕಾಲಮ್ಮು ನೋಡಿ. 3 ಪೌಂಡಿನ ತೆರಿಗೆ ರದ್ದಾದದ್ದು 1914ರ 22ನೇ ಕಾಯಿದೆಯಿಂದ. ಅದೇ ಕಾಯಿದೆಯಲ್ಲಿ ಅಲ್ಲಿ ನೆಲೆಸುವ ಹಕ್ಕು ಬಿಟ್ಟುಕೊಟ್ಟವರಿಗೆ ಉಚಿತ ಹಡಗು ಎಂಬ ಷರತ್ತೂ ಇತ್ತು. ಮದರಾಸಿನಲ್ಲಿ ಇಳಿದು ಹಳ್ಳಿಗೆ ಬರದೆ ಕೋಲಾರದ ಗಣಿಯ ಕಡೆಗೇ ನಡೆದಿರುವ ಸಾಧ್ಯತೆಯನ್ನೂ ಮನಸ್ಸಿನಲ್ಲಿಡಿ.

ಪತ್ರಾಗಾರದಲ್ಲಿ ಫೋಟೊಗೆ ಬಿಟ್ಟರೆ ಫ್ಲ್ಯಾಶ್ ಆರಿಸಿ. ಕಡತದ ವಿವರ ಬರೆದ ಚೀಟಿಯನ್ನು ಹಾಳೆಯ ಪಕ್ಕ ಇಟ್ಟು ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯಿರಿ. ಚೀಟಿ ಇಲ್ಲದ ಚಿತ್ರ ಮೂರು ತಿಂಗಳಾದ ಮೇಲೆ ಯಾವ ಕಡತದ್ದೆಂದು ನಿಮಗೇ ತಿಳಿಯುವುದಿಲ್ಲ. ಫೈಲಿಗೆ ಹೆಸರು ಕೊಡುವಾಗ ಮೊದಲು ಆ ಸಂಖ್ಯೆ, ಆಮೇಲೆ ಇಸವಿ, ಆಮೇಲೆ ವಿಷಯ. ಒಂದು ಪ್ರತಿ ಫೋನಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಅಚ್ಚು ಮಾಡಿದ್ದೊಂದು ಹಿರಿಯರ ಕೈಗೆ.

ಕಾಗದ ಕೈಗೆ ಬಂದಾಗ ಮೊದಲು ಹಿಂಬದಿ ತಿರುಗಿಸಿ. ಆ ಕಾಲದ ಕಚೇರಿಯವರು ಕಾಗದವನ್ನು ಮಡಚಿ, ಹಿಂಬದಿಯ ಮಡಿಕೆಯ ಮೇಲೆ ತಾರೀಖು ಸಹಿತ ಟಿಪ್ಪಣಿ ಬರೆಯುತ್ತಿದ್ದರು. ಎದುರಿನ ಬದಿ ಆಪಾದನೆ ಹೇಳಿದರೆ, ಆ ಮನುಷ್ಯನನ್ನು ಯಾವಾಗ ಬಿಟ್ಟರು, ಎಲ್ಲಿಗೆ ಕಳಿಸಿದರು ಎಂಬ ಒಂದು ಸಾಲು ಆ ಹಿಂಬದಿಯ ಮಡಿಕೆಯಲ್ಲಿ ಇರಬಹುದು.